ಮಾವಿನ ತೋಟಕ್ಕೆ ಮಕ್ಕಳನ್ನ ಕರ್ಕೊಂಡ್ ಹೋಗ್ತಿದೀವಿ, ಬರೀ ಸೆಲ್ಫಿ ಟ್ರಿಪ್ ಆಗ್ಬಾರ್ದು, ಏನೇನ್ ಮಾಡಿಸ್ಬೋದು?

ಇಬ್ಬರಮ್ಮ, ಬೆಂಗಳೂರು:
ನಮಸ್ಕಾರ ಎಲ್ರಿಗೂ. ನಮ್ಮನೆಯವರ ಫ್ರೆಂಡ್ ಒಬ್ರದ್ದು ಶ್ರೀನಿವಾಸಪುರದ ಹತ್ರ ನಾಲ್ಕೆಕರೆ ಮಾವಿನ ತೋಟ ಇದೆ, ಈ ಸಲ ಬಾದಾಮಿ ಚೆನ್ನಾಗಿ ಬಂದಿದೆ ಮಕ್ಕಳನ್ನ ಕರ್ಕೊಂಡ್ ಬನ್ನಿ ನೀವೇ ಕಿತ್ಕೊಳ್ಳಿ ಅಂತ ಕರೆದಿದಾರೆ. ಮಗಳಿಗೆ ಹತ್ತು ವರ್ಷ, ಮಗನಿಗೆ ಆರು. ಹೋದ ವರ್ಷ ಒಂದು ಸ್ಟ್ರಾಬೆರಿ ಫಾರ್ಮ್‌ಗೆ ತಲೆಗಿಷ್ಟು ಅಂತ ದುಡ್ಡು ಕಟ್ಟಿ ಹೋಗಿದ್ವಿ, ಪುಟ್ಟ ಡಬ್ಬಿ ಕೈಗೆ ಕೊಟ್ರು, ತುಂಬಿಸಿದ್ದಾಯ್ತು ಫೋಟೋ ತೆಗೆದಿದ್ದಾಯ್ತು, ಆಮೇಲೆ ಮಕ್ಕಳು ನೆರಳಲ್ಲಿ ಮೊಬೈಲ್ ಹಿಡ್ಕೊಂಡ್ ಕೂತ್ಬಿಟ್ವು. ಈ ಸಲ ಹಾಗಾಗೋದು ಬೇಡ, ಏನಾದ್ರೂ ತಿಳ್ಕೊಂಡ್ ಬರ್ಲಿ ಅಂತ ನೆಟ್‌ನಿಂದ ಮೂರ್ನಾಲ್ಕು ವರ್ಕ್‌ಶೀಟ್ ಪ್ರಿಂಟ್ ತೆಗೆದಿದೀನಿ, ಎಲ್ಲದ್ರಲ್ಲೂ ಸೇಬು ಕುಂಬಳಕಾಯಿ ಚಿತ್ರಾನೇ ಇದೆ, ಮಗಳು ಒಂದ್ಸಲ ನೋಡಿ ಮುಖ ಸಿಂಡರಿಸಿದ್ಲು. ಬೇರೆ ಐಡಿಯಾ ಇದ್ರೆ ಹೇಳಿ. ಇನ್ನೊಂದು, ಮಗನ ಚರ್ಮ ತುಂಬಾ ಸೂಕ್ಷ್ಮ, ಮಾವಿನ ಸೊನೆ ತಾಗಿದ್ರೆ ಏನ್ ಮಾಡ್ಬೇಕು?

ಶ್ರೀನಿವಾಸಪುರದವ:
ಮೇಡಮ್, ನಮ್ಮೂರ್ ಕಡೆಗೆ ಬರ್ತಿದೀರ, ಖುಷಿ. ವರ್ಕ್‌ಶೀಟ್ ಮನೇಲೇ ಬಿಟ್ಟು ಬನ್ನಿ, ಮಕ್ಕಳಿಗೆ ಕೆಲಸ ಕೊಡಿ ಅಷ್ಟೇ. ಆಟದ ಕೆಲಸ ಅಲ್ಲ, ತೋಟದವರು ಅವತ್ತು ನಿಜವಾಗ್ಲೂ ಮಾಡ್ತಿರೋ ಕೆಲಸ. ಬೆಳಿಗ್ಗೆ ಎಂಟರ ಒಳಗೆ ತೋಟದಲ್ಲಿರಿ, ಹನ್ನೊಂದಾದ್ರೆ ಬಿಸಿಲು ಕೂರೋಕ್ ಬಿಡಲ್ಲ, ಕಾಯಿ ಕೀಳೋರೂ ಅಷ್ಟೊತ್ತಿಗೆ ಅರ್ಧ ಕೆಲಸ ಮುಗಿಸಿರ್ತಾರೆ.

ಕೀಳೋದು ಹೆಂಗೆ ಅಂದ್ರೆ ಉದ್ದ ಗಳದ ತುದೀಗೆ ಬಲೆ ಕಟ್ಟಿರ್ತೀವಿ, ಬಲೆ ಬಾಯಲ್ಲಿ ಬ್ಲೇಡ್ ಇರುತ್ತೆ, ಕಾಯಿನ ಬಲೆಯೊಳಗೆ ತಗೊಂಡು ತೊಟ್ಟು ಬ್ಲೇಡಿಗೆ ಸಿಗೋ ಹಂಗೆ ಎಳೀಬೇಕು. ನೋಡೋಕೆ ಸುಲಭ, ಕೈಗೆ ತಗೊಂಡ್ರೆ ಗೊತ್ತಾಗುತ್ತೆ, ಗಳ ಅತ್ತಿತ್ತ ಓಲಾಡುತ್ತೆ, ಕಣ್ಣು ಮೇಲೆ ಬಿಸಿಲಿಗಿರುತ್ತೆ. ಹತ್ತು ವರ್ಷದವಳು ಚಿಕ್ಕ ಗಳ ಹಿಡೀಬೋದು, ದೊಡ್ಡೋರೊಬ್ರು ಪಕ್ಕದಲ್ಲಿರ್ಲಿ. ಆರು ವರ್ಷದವನು ಬಲೆಯಿಂದ ಕಾಯಿ ತೆಗೆದು ಕ್ರೇಟಿಗೆ ಜೋಡಿಸ್ಲಿ, ಎಸೆಯೋ ಹಂಗಿಲ್ಲ ಅಂತ ಮೊದ್ಲೇ ಹೇಳ್ಬಿಡಿ. ಗಳದ ಕೆಳಗೆ ಯಾರೂ ನಿಲ್ಬಾರ್ದು.

ಯಾವ ಕಾಯಿ ಕೀಳ್ಬೇಕು ಅನ್ನೋದೇ ದೊಡ್ಡ ಪಾಠ. ಬಾದಾಮಿ ಬಲಿತ್ರೆ ತೊಟ್ಟಿನ ಎರಡೂ ಕಡೆ ಹೆಗಲು ತುಂಬ್ಕೊಂಡು ಮೇಲಕ್ಕೆದ್ದಿರುತ್ತೆ, ತೊಟ್ಟು ಸ್ವಲ್ಪ ಗುಳಿಯೊಳಗೆ ಹೋದಂಗೆ ಕಾಣುತ್ತೆ. ಎಳೇದಾದ್ರೆ ಹೆಗಲು ಇಳಿಜಾರು. ಬಣ್ಣ ನೋಡಿ ಕೀಳೋಕೆ ಹೋದ್ರೆ ಮೋಸ ಹೋಗ್ತೀರ, ಬಿಸಿಲು ಬೀಳೋ ಕಡೆ ಕಾಯಿ ಬಲೀದೇ ಇದ್ರೂ ಕೆಂಪಾಗಿರುತ್ತೆ. ಮಕ್ಕಳ ಕೈಗೆ ಬಲಿತಿದ್ದೊಂದು ಎಳೇದೊಂದು ಕೊಟ್ಟು ಏನ್ ವ್ಯತ್ಯಾಸ ಹೇಳ್ರಪ್ಪಾ ಅಂದು ಸುಮ್ನಾಗಿ, ಅವರೇ ಕಂಡ್ಹಿಡೀತಾರೆ.

ಗಿಡದ ಡಾಕ್ಟ್ರು:
ಸೊನೆ ಬಗ್ಗೆ ನಾನ್ ಹೇಳ್ತೀನಿ, ಹಾರ್ಟಿಕಲ್ಚರ್ ಓದಿರೋದ್ರಿಂದ. ಮಾವು, ಗೇರು ಎರಡೂ ಒಂದೇ ಕುಟುಂಬದ ಮರಗಳು, ಅದಕ್ಕೇ ಮಾವಿನ ಸೊನೇಗೂ ಕೆಲವ್ರ ಚರ್ಮ ಸುಡುತ್ತೆ, ತುಟಿ ಸುತ್ತ ಗುಳ್ಳೆ ಬರುತ್ತೆ. ಮಗನಿಗೆ ತುಂಬು ತೋಳಿನ ಬಟ್ಟೆ ಹಾಕಿ, ತೊಟ್ಟು ಮುರಿಯೋ ಕೆಲಸ ಕೊಡ್ಬೇಡಿ, ತಾಗಿದ್ರೆ ತಕ್ಷಣ ಸೋಪು ನೀರಲ್ಲಿ ತೊಳೀರಿ, ಅದೇ ಕೈಯಲ್ಲಿ ಕಣ್ಣುಜ್ಜೋಕ್ ಬಿಡ್ಬೇಡಿ. ಮೊದ್ಲೇ ಜೋರಾಗಿ ಅಲರ್ಜಿ ಆಗಿದ್ದಿದ್ರೆ ಡಾಕ್ಟರನ್ನ ಕೇಳ್ಕೊಂಡೇ ಹೋಗಿ.

ಆದ್ರೆ ಸೊನೇನ ಬರೀ ಹೆದರಿಕೆ ವಿಷಯ ಮಾಡ್ಬೇಡಿ, ಅದೂ ನೋಡೋ ಅಂಥದ್ದೇ. ತೊಟ್ಟನ್ನ ಬುಡಕ್ಕೇ ಮುರಿದ್ರೆ ಸೊನೆ ಚಿಮ್ಮುತ್ತೆ, ಅದು ಸಿಪ್ಪೆ ಮೇಲೆ ಹರಿದ ಜಾಗ ಆಮೇಲೆ ಕಪ್ಪಗಾಗುತ್ತೆ, ಅಂಥ ಹಣ್ಣಿಗೆ ಮಾರ್ಕೆಟ್ಟಲ್ಲಿ ರೇಟಿಲ್ಲ. ಅದಕ್ಕೇ ಎರಡ್ಮೂರು ಬೆರಳಷ್ಟು ತೊಟ್ಟು ಬಿಟ್ಟು ಕೀಳ್ತಾರೆ, ಆಮೇಲೆ ತೊಟ್ಟು ಚಿಕ್ಕದು ಮಾಡಿ ಕಾಯಿನ ತಲೆಕೆಳಗೆ ಇಟ್ಟು ಸೊನೆ ಇಳಿಸ್ತಾರೆ. ಒಂದು ಕಾಯಿನ ಬೇಕಂತ್ಲೇ ತೊಟ್ಟಿಲ್ಲದೆ ಕಿತ್ತು ಗುರ್ತು ಹಾಕಿ ಮನೆಗೆ ತಗೊಂಡ್ ಹೋಗಿ, ನಾಲ್ಕು ದಿನ ಬಿಟ್ಟು ಅದರ ಮೈ ನೋಡ್ಲಿ.

ಸುಮ್ನಿರಿ ಸ್ವಾಮಿ:
ಕ್ಷಮಿಸಿ ನಂದೊಂದು ಅಪಸ್ವರ. ಮಕ್ಕಳನ್ನ ತೋಟಕ್ಕೆ ಕರ್ಕೊಂಡ್ ಹೋಗೋದೇ ಅಪರೂಪ, ಅಲ್ಲೂ ಪಾಠನಾ? ನಾವು ಚಿಕ್ಕೋರಿದ್ದಾಗ ಬೇರೆಯವ್ರ ತೋಟಕ್ಕೆ ನುಗ್ಗಿ ಕಲ್ಲು ಹೊಡೆದು ಕದ್ದು ತಿಂತಿದ್ವಿ, ಉಪ್ಪು ಖಾರದ ಪುಡಿ ಚೆಡ್ಡಿ ಜೇಬಲ್ಲೇ ಇರ್ತಿತ್ತು, ಯಾವನೂ ಲರ್ನಿಂಗ್ ಎಕ್ಸ್‌ಪೀರಿಯನ್ಸ್ ಅಂತ ಹೇಳ್ಳಿಲ್ಲ. ಮರ ಹತ್ತೋಕ್ ಬಿಡಿ, ಮಣ್ಣಲ್ಲಿ ಹೊರಳಾಡೋಕ್ ಬಿಡಿ. ಎಲ್ಲದಕ್ಕೂ ಸಿಲೆಬಸ್ ಮಾಡಿ ಮಾಡಿನೇ ಮಕ್ಕಳಿಗೆ ಎಲ್ಲಾ ಬೋರ್ ಆಗಿರೋದು.

ನಿವೃತ್ತ ಮೇಷ್ಟ್ರು:
ಸ್ವಾಮಿಗಳೇ ನಿಮ್ ಮಾತು ಮುಕ್ಕಾಲು ಪಾಲು ಒಪ್ತೀನಿ. ಆದ್ರೆ ನಿಮಗೆ ಆ ತೋಟ ವರ್ಷಪೂರ್ತಿ ಕಣ್ಮುಂದೆ ಇತ್ತು, ಹೂವು ಬಿಟ್ಟಿದ್ದು ನೋಡಿದ್ರಿ, ಮಿಡಿ ಉದುರಿದ್ದು ನೋಡಿದ್ರಿ, ತೋಟದ ಯಜಮಾನ ಯಾವಾಗ ಮಲಗ್ತಾನೆ ಅನ್ನೋದೂ ಗೊತ್ತಿತ್ತು. ಈ ಮಕ್ಕಳಿಗೆ ಸಿಗೋದು ಒಂದು ಬೆಳಿಗ್ಗೆ ಮಾತ್ರ. ಪಾಠ ಬೇಡ ಸರಿ, ನೋಡೋಕೊಂದು ನೆಪ ಬೇಕಲ್ವಾ.

ತಾಯಿ, ನಾನಾಗಿದ್ರೆ ಎರಡೇ ಎರಡು ಮಾಡಿಸ್ತಿದ್ದೆ. ಮೊದಲ್ನೇದು ಬಕೆಟ್ ನೀರು. ತೋಟದಲ್ಲಿ ಬೋರ್‌ವೆಲ್ ತೊಟ್ಟಿ ಇದ್ದೇ ಇರುತ್ತೆ, ಒಂದು ಬಕೆಟ್ ತುಂಬಿಸಿ ಕಿತ್ತ ಕಾಯಿಗಳನ್ನ ಒಂದೊಂದಾಗಿ ಬಿಡ್ಲಿ. ಬಲಿತ ಮಾವು ಮುಳುಗುತ್ತೆ, ಎಳೇದು ತೇಲುತ್ತೆ. ಬಲೀತಾ ಬಲೀತಾ ಒಳಗೆ ಪಿಷ್ಟ ತುಂಬ್ಕೊಂಡು ಕಾಯಿ ನೀರಿಗಿಂತ ಒಂಚೂರು ಭಾರ ಆಗುತ್ತೆ, ಆಮೇಲೆ ಅದೇ ಪಿಷ್ಟ ಸಕ್ಕರೆ ಆಗೋದು. ಬಿಡೋಕ್ ಮುಂಚೆ ಹೆಗಲು ನೋಡಿ ಮುಳುಗುತ್ತಾ ತೇಲುತ್ತಾ ಅಂತ ಬೆಟ್ ಕಟ್ಲಿ, ಅಕ್ಕ ತಮ್ಮ ಜಗಳ ಆಡ್ಲಿ, ಆ ಜಗಳದಲ್ಲೇ ಅರ್ಧ ವಿಜ್ಞಾನ ಇದೆ. ಪಿಷ್ಟ ಗಿಷ್ಟ ಅನ್ನೋ ಮಾತು ಅವರಾಗೇ ಯಾಕೆ ಅಂತ ಕೇಳಿದ್ರೆ ಮಾತ್ರ ತೆಗೀರಿ.

ಎರಡ್ನೇದು ಮರದಿಂದ ಮರಕ್ಕೆ ಹೆಜ್ಜೆ ಹಾಕಿ ಅಳೆಯೋದು, ಇದು ಐದನೇ ಕ್ಲಾಸಿನ ಮಗಳಿಗೆ. ಹಳೇ ಪದ್ಧತಿ ತೋಟ ಆದ್ರೆ ಸುಮಾರು 33 ಅಡಿ ಅಂತರ ಇರುತ್ತೆ. 33 ಸಲ 33 ಎಷ್ಟಮ್ಮ ಅಂತ ಕೇಳಿ. 1089 ಚದರಡಿ, ಅಂದ್ರೆ ಸರಿಯಾಗಿ ಒಂದು ಗುಂಟೆ! ಗುಂಟೆಗೊಂದು ಮರ, ಎಕರೆಗೆ 40 ಮರ. ಪುಸ್ತಕದಲ್ಲಿ ವಿಸ್ತೀರ್ಣ ಅಂತ ಎಷ್ಟ್ ಸಲ ಹೇಳ್ಕೊಟ್ರೂ ತಲೆಗೆ ಹೋಗದೇ ಇದ್ದಿದ್ದು ಮರಗಳ ಮಧ್ಯೆ ನಿಂತಾಗ ಹೋಗುತ್ತೆ.

ಶ್ರೀನಿವಾಸಪುರದವ:
ಸೂಪರ್ ಮೇಷ್ಟ್ರೇ, ನಮ್ ತಾತ ಗುಂಟೆಗೊಂದು ಅಂತ್ಲೇ ಲೆಕ್ಕ ಹೇಳ್ತಿದ್ರು. ಈಗಿನ ಹೊಸ ತೋಟಗಳಲ್ಲಿ ಒತ್ತಾಗಿ ಹಾಕ್ತಾರೆ, ಮರ ಸವರಿ ಸವರಿ ಗಿಡ್ಡ ಇಟ್ಕೋತಾರೆ. ನಮ್ ತಾಲ್ಲೂಕಿನ ಹೊಗಳಗೆರೆಯಲ್ಲಿ ಇಸ್ರೇಲ್ ಸಹಯೋಗದ ಮಾವು ಉತ್ಕೃಷ್ಟತಾ ಕೇಂದ್ರ ಇದೆ, ಅಲ್ಲಿ ಆ ಥರದ್ದು ನೋಡ್ಬೋದು, ಹೋಗೋದಾದ್ರೆ ಮೊದ್ಲೇ ಫೋನ್ ಮಾಡಿ ಕೇಳಿ. ಎರಡೂ ಥರ ನೋಡಿದ್ರೆ ಮಕ್ಕಳೇ ಕೇಳ್ತಾವೆ ಇಲ್ಯಾಕೆ ಮರ ಕುಳ್ಳಗಿದೆ ಅಂತ.

ಧಾರವಾಡ ಆಪೂಸ:
ನೀವು ಬಾದಾಮಿ ಅಂತೀರಿ, ನಮ್ ಕಡೆ ಅದಕ್ಕ ಆಪೂಸ ಅಂತಾರ್ರೀ. ಒಂದ್ ಮಾತ್ ಹೇಳ್ತೀನಿ, ಹಣ್ಣು ಹರಿಯೂದು ಅರ್ಧಾ ಕೆಲಸ ಅಷ್ಟ, ಉಳಿದರ್ಧಾ ಮನ್ಯಾಗ ಐತಿ. ಹಸರ್ ಕಾಯಿ ತಂದು ಹುಲ್ಲಾಗ ಅಡಿ ಹಾಕ್ರಿ, ದಿನಾ ಹುಡುಗ್ರ ಕಡಿಂದನ ತಗಸಿ ನೋಡಸ್ರಿ. ನಮ್ಮವ್ವ ಅಡಿ ಹಾಕಿದ ಖೋಲಿಗೆ ಹೋದ್ರ ವಾಸನಿ ಮ್ಯಾಲೇ ಯಾವ ಮೂಲ್ಯಾಗಿಂದು ಹಣ್ಣಾಗೇತಿ ಅಂತ ಹೇಳ್ತಿದ್ಲು. ಬೆಂಗಳೂರಾಗ ಹುಲ್ಲ ಎಲ್ಲಿಂದ ತರೂದು ಅಂದ್ರ ರಟ್ಟಿನ ಡಬ್ಬಿ, ಪೇಪರ್ ಸಾಕು. ಒಂದ್ ಡಬ್ಬ್ಯಾಗ ಕಾಯಿ ಅಷ್ಟ ಇಡ್ರಿ, ಇನ್ನೊಂದ್ರಾಗ ಕಾಯಿ ಜೋಡಿ ಎರಡ್ ಹಣ್ಣಾದ ಬಾಳಿಹಣ್ಣ ಇಡ್ರಿ, ಮತ್ತೊಂದ್ ನಾಕ ಕಾಯಿ ಫ್ರಿಜ್ಜಿನ್ಯಾಗ. ಬಾಳಿಹಣ್ಣ ಬಿಡೂ ಎಥಿಲೀನ್ ಗಾಳಿಗೆ ಎರಡನೇ ಡಬ್ಬಿ ಮೊದಲ ಹಣ್ಣಾಕ್ಕೈತಿ. ಫ್ರಿಜ್ಜಿನ್ಯಾಗಿನ ಕಾಯಿ ಥಂಡಿಗೆ ಸೆಟದು ನೆಟ್ಟಗ ಹಣ್ಣ ಆಗಂಗಿಲ್ಲ, ಆಮ್ಯಾಲ ಹೊರಗ ತಗದ್ರೂ ರುಚಿ ಬರಂಗಿಲ್ಲ. ಪ್ಯಾಟ್ಯಾಗ ಕಾರ್ಬೈಡ್ ಹಾಕಿ ಹಣ್ಣ ಮಾಡೂದು ಕಾಯ್ದೆ ಪ್ರಕಾರ ಬಂದ್ ಐತಿ, ಎಥಿಲೀನ್ ಗ್ಯಾಸಿಗೆ ಪರವಾನಿಗಿ ಐತಿ, ಇದ್ಯಾಕ ಅನ್ನೂದೂ ಆವಾಗ ತಾನ ಮಾತಿಗೆ ಬರ್ತೈತಿ.

ನ್ಯೂಜೆರ್ಸಿ ಕನ್ನಡತಿ:
ಬಕೆಟ್ ಐಡಿಯಾ ಓದಿ ನಗು ಬಂತು, ಇಲ್ಲಿ ನಮ್ಮ ಮಕ್ಕಳಿಗೆ ಪೂರ್ತಿ ಉಲ್ಟಾ ಅನುಭವ. ಸೆಪ್ಟೆಂಬರ್ ಅಕ್ಟೋಬರ್ ಬಂದ್ರೆ ಆಪಲ್ ಪಿಕಿಂಗ್ ಹೋಗ್ತೀವಿ, ಸೇಬಿನ ತಿರುಳಲ್ಲಿ ಕಾಲು ಭಾಗದಷ್ಟು ಗಾಳೀನೇ ಇರೋದ್ರಿಂದ ಅದು ಹಣ್ಣಾದ್ರೂ ತೇಲುತ್ತೆ. ಊರಿಗೆ ಬಂದಾಗ ಅತ್ತೆ ಮನೇಲಿ ಮಗ ಮಾವಿನಹಣ್ಣನ್ನ ನೀರಿಗೆ ಹಾಕಿ ಮುಳುಗಿದ್ದು ನೋಡಿ ಇದು ಕೆಟ್ಟಿದೆ ಅಂತ ತೀರ್ಮಾನ ಕೊಟ್ಟಿದ್ದ 😄

ಇಲ್ಲಿನ ಕಥೆ ಒಂದಿದೆ, ನಿಮ್ಗೂ ಉಪಯೋಗಕ್ಕೆ ಬರ್ಬೋದು. ಬ್ಲೂಬೆರಿನ ಮೊದ್ಲು ತೋಟದ ಬೆಳೆ ಮಾಡಿದ್ದೇ ನ್ಯೂಜೆರ್ಸಿಯ ವೈಟ್ಸ್‌ಬಾಗ್ ಅನ್ನೋ ಜಾಗದಲ್ಲಿ. ಎಲಿಜಬೆತ್ ವೈಟ್ ಅಂತ ತೋಟದವ್ರ ಮಗಳು, ಫ್ರೆಡರಿಕ್ ಕೊವಿಲ್ ಅನ್ನೋ ಸಸ್ಯವಿಜ್ಞಾನಿ ಜೊತೆ ಸೇರಿ 1911ರಿಂದ ಶುರು ಮಾಡಿ 1916ರಲ್ಲಿ ಮೊದಲ ಬೆಳೆ ಮಾರಿದ್ರು. ಆಕೆ ಕಾಡಲ್ಲಿ ಓಡಾಡೋ ಊರಿನ ಜನಕ್ಕೆ ತೂತಿರೋ ಒಂದು ಅಳತೆ ತಗಡು ಕೊಟ್ಟು, ಈ ತೂತಲ್ಲಿ ತೂರದೇ ಇರೋ ಅಷ್ಟು ದೊಡ್ಡ ಹಣ್ಣು ಬಿಡೋ ಗಿಡ ಹುಡುಕಿ ಕೊಟ್ರೆ ದುಡ್ಡು ಕೊಡ್ತೀನಿ ಅಂದಿದ್ರು, ಹುಡುಕಿದವ್ರ ಹೆಸರನ್ನೇ ಗಿಡಕ್ಕೆ ಇಡ್ತಿದ್ರು. ಜೂನ್ ಜುಲೈಲಿ ಬ್ಲೂಬೆರಿ ಕೀಳೋಕ್ ಹೋದಾಗ ನಾವು ರಟ್ಟಲ್ಲಿ ಹಾಗೇ ತೂತು ಮಾಡ್ಕೊಂಡ್ ಹೋಗ್ತೀವಿ, ನನ್ ಚಿಕ್ಕೋನು ಇಡೀ ಸಾಲು ಅಳೆದು ಒಂದೇ ಒಂದು ಗಿಡಕ್ಕೆ ತನ್ನ ಹೆಸರಿಟ್ಟು ಬಂದ. ಮಾವಿಗೆ ದೊಡ್ಡ ತೂತು ಮಾಡ್ಕೊಳ್ಳಿ, ಗ್ರೇಡಿಂಗ್ ಅಂದ್ರೆ ಏನು ಅಂತ ಮಗನಿಗೆ ಗೊತ್ತಾಗುತ್ತೆ.

ಶಿರಸಿ ಕಡೆಯವ:
ಹಣ್ಣಾದ್ಮೇಲೇ ಯಾಕೆ ಹೋಗ್ಬೇಕು ಮಾರಾಯ್ರೆ, ನಮ್ಮಲ್ಲಿ ಫೆಬ್ರವರಿ ಮಾರ್ಚಲ್ಲೇ ಮಿಡಿ ಕೊಯ್ಲು. ಅಘನಾಶಿನಿ ಹೊಳೆ ದಂಡೆಯ ಅಪ್ಪೆಮಿಡಿ ಮರಗಳಿಗೆ ಹತ್ತೋರು ಹಗ್ಗ ಬುಟ್ಟಿ ಕಟ್ಕೊಂಡು ಹತ್ತಿ ಕೊಯ್ದು ಇಳಿಸ್ತಾರೆ. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಉಪ್ಪಿನಕಾಯಿಗೆ ಬರೂದಿಲ್ಲ, ಕೊಳೀತದೆ. ಮಕ್ಕಳಿಗೆ ಹತ್ತೋ ಕೆಲಸ ಇಲ್ಲ ಬಿಡಿ, ಆದ್ರೆ ಮನೆಗೆ ತಂದ್ಮೇಲೆ ಅವರದ್ದೇ ಕಾರ್‌ಬಾರು. ಭರಣಿಯಲ್ಲಿ ಒಂದು ಪದರ ಮಿಡಿ ಒಂದು ಪದರ ಉಪ್ಪು ಹಾಕಿಟ್ರೆ, ಒಂದು ಹನಿ ನೀರು ಹಾಕದೇನೇ ಕೆಲವೇ ದಿನದಲ್ಲಿ ಭರಣಿ ತುಂಬ ನೀರು, ಮಿಡಿ ನೋಡಿದ್ರೆ ಸುಕ್ಕು ಸುಕ್ಕು. ನೀರು ಎಲ್ಲಿಂದ ಬಂತು? ನನ್ನ ತಂಗಿ ಮಗಳು ಯಾರೋ ಕದ್ದು ನೀರು ಹಾಕಿದಾರೆ ಅಂತ ಭರಣಿ ಬಾಯಿಗೆ ದಾರ ಕಟ್ಟಿ ಗಂಟು ಹಾಕಿದ್ಲು. ಉಪ್ಪು ಮಿಡಿಯೊಳಗಿನ ನೀರನ್ನೇ ಹೊರಗೆ ಎಳೀತದೆ, ಅದೇ ಆಸ್ಮಾಸಿಸ್ ಅಂತ ಹೈಸ್ಕೂಲಲ್ಲಿ ಬಂದಾಗ ಅವಳಿಗೆ ಮತ್ತೆ ಹೇಳ್ಕೊಡೋದು ಬೇಕಾಗ್ಲಿಲ್ಲ.

ಗಿಡದ ಡಾಕ್ಟ್ರು:
ಇನ್ನೊಂದೆರಡು ವಿಷಯ ಕಣ್ಣಿಗೆ ಬಿದ್ರೆ ನಿಲ್ಲಿಸಿ ತೋರ್ಸಿ. ಎಲೆಗಳನ್ನ ಅಂಟಿಸಿ ಚೆಂಡಿನ ಥರ ಮಾಡ್ಕೊಂಡಿರೋ ಕೆಂಜಿಗದ ಗೂಡು, ದೂರದಿಂದ ನೋಡಿ, ಕಚ್ಚಿದ್ರೆ ಉರಿ ಉರಿ. ದೊಡ್ಡ ಇರುವೆಗಳಿಗೆ ನೂಲು ಬರಲ್ಲ, ತಮ್ಮ ಮರಿಹುಳನ ಬಾಯಲ್ಲಿ ಹಿಡ್ಕೊಂಡು ಅದು ಬಿಡೋ ನೂಲಿಂದ ಎಲೆ ಹೊಲೀತವೆ. ಆಮೇಲೆ ಮರಕ್ಕೆ ನೇತು ಹಾಕಿರೋ ಡಬ್ಬಿ ಅಥವಾ ಬಾಟ್ಲಿ, ಅದು ಹಣ್ಣುನೊಣದ ಬಲೆ. ಅದ್ರೊಳಗಿನ ಮೀಥೈಲ್ ಯೂಜಿನಾಲ್ ವಾಸನೇಗೆ ಬಂದು ಬೀಳೋದು ಗಂಡು ನೊಣ ಮಾತ್ರ. ಗಂಡು ಕಮ್ಮಿ ಆದ್ರೆ ಮೊಟ್ಟೆ ಹೇಗೆ ಕಮ್ಮಿ ಆಗುತ್ತೆ ಅಂತ ಹತ್ತು ವರ್ಷದವಳಿಗೆ ಹೇಗೆ ವಿವರಿಸ್ತೀರೋ ಅದು ನಿಮಗೇ ಬಿಟ್ಟಿದ್ದು 😅

ಸುಮ್ನಿರಿ ಸ್ವಾಮಿ:
ಹಣ್ಣು ತಿನ್ನೋಕೆ ಟೈಮ್ ಇರುತ್ತಾ ಇಲ್ವಾ ಈ ಟೈಮ್ ಟೇಬಲ್ಲಲ್ಲಿ?

ಇಬ್ಬರಮ್ಮ, ಬೆಂಗಳೂರು:
ಹೋಗ್ಬಂದ್ವಿ! ತಡವಾಗಿ ಬರೀತಿದೀನಿ, ಸ್ಕೂಲ್ ಶುರುವಾಗಿ ಉಸಿರಾಡೋಕೂ ಟೈಮಿಲ್ಲ. ಸ್ವಾಮಿಗಳಿಗೆ ಮೊದ್ಲು ಉತ್ತರ, ಹಣ್ಣು ತಿನ್ನೋಕೆ ಟೈಮಿತ್ತು, ಮರದಲ್ಲೇ ಹಣ್ಣಾಗಿದ್ದ ರಸಪುರಿ ಹಿಂಡಿ ಹಿಂಡಿ ಕುಡಿದು ಮಗನ ಶರ್ಟು ಇನ್ನು ಒರೆಸೋ ಬಟ್ಟೆನೇ. ತೊಟ್ಟಿನ ಕಡೆ ಅವನ್ನ ಬಿಡ್ಲಿಲ್ಲ, ಚರ್ಮಕ್ಕೇನೂ ಆಗಿಲ್ಲ.

ಬಕೆಟ್ ಆಟ ಶುರು ಮಾಡಿದ್ದು ನಾನು, ಮುಗ್ಸಿದ್ದು ಕಾಯಿ ಕೀಳೋಕ್ ಬಂದಿದ್ದ ಅಜ್ಜ. ಮಗಳು ಬೆಟ್ಟಲ್ಲಿ ಸೋತು ಸೋತು ಸಿಟ್ಟಾಗಿದ್ಲು, ಅವರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕಾಯಿನ ಕೈಯಲ್ಲಿ ತೂಗಿ ನೋಡಿ ಇದು ಮುಳುಗ್ತದೆ, ಇದಿಲ್ಲ, ಇದು ಅರ್ಧ ಮುಳುಗ್ತದೆ ಅಂದ್ರು. ಅರ್ಧ ಮುಳುಗ್ತದೆ ಅಂದಿದ್ದು ನಿಜವಾಗ್ಲೂ ನೀರಿನ ಮಟ್ಟಕ್ಕೆ ಸರಿಯಾಗಿ ತೊಟ್ಟಿನ ತುದಿ ಮಾತ್ರ ಕಾಣೋ ಹಾಗೆ ನಿಂತ್ಕೊಳ್ತು! ಅಲ್ಲಿಂದ ಅವಳು ನಮ್ಮ ಕಡೆ ತಿರುಗಿ ನೋಡ್ಲಿಲ್ಲ, ತಾತಾ ತಾತಾ ಅಂತ ಅವರ ಹಿಂದೇನೇ. ಊಟದ ಹೊತ್ತಿಗೆ ಅವರಿಗೆ ದಿನಕ್ಕೆ ಎಷ್ಟು ಕೂಲಿ, ಮಕ್ಕಳೆಷ್ಟು, ಅವರ ಮನೇಲಿ ಮಾವಿನ ಮರ ಇದೆಯಾ ಎಲ್ಲಾ ಅವಳಿಗೆ ಗೊತ್ತಿತ್ತು. ಅವರ ಮನೇಲಿ ಮರ ಇಲ್ಲ, ಜಾಗ ಇಲ್ವಂತೆ.

ಮಗನಿಗೆ ಕೆಂಜಿಗದ ಗೂಡೇ ತೋಟ. ರಟ್ಟಿನ ತೂತಿಂದ ಗ್ರೇಡಿಂಗ್ ಸ್ವಲ್ಪ ಹೊತ್ತು ಮಾಡಿದ, ಆಮೇಲೆ ಅದೇ ತೂತಿಂದ ಇರುವೆ ನೋಡ್ತಾ ನಿಂತ. ಗುಂಟೆ ಲೆಕ್ಕ ಮಾಡಿದ್ದು ನಮ್ಮನೆಯವರು ಮಾತ್ರ, ಅವರಿಗೆ ತುಂಬಾ ಖುಷಿ ಆಯ್ತು.

ಈಗ ಒಂದು ಪ್ರಶ್ನೆ ಉಳಿದಿದೆ. ಮನೇಲಿ ಒಂದು ಹಣ್ಣು ಕುಯ್ದಾಗ ಓಟೆ ಒಳಗೆ ಕಪ್ಪು ಹುಳ ಇತ್ತು, ಹಣ್ಣಿನ ಹೊರಗೆ ಎಲ್ಲೂ ತೂತಿಲ್ಲ, ತಿರುಳೂ ಚೆನ್ನಾಗಿತ್ತು. ಮಗಳು ಭೂತಗನ್ನಡಿ ಹಿಡಿದು ಸಿಪ್ಪೆ ಎಲ್ಲಾ ಹುಡುಕಿದ್ಲು. ಹೇಗೆ ಒಳಗೆ ಹೋಯ್ತು?

ಗಿಡದ ಡಾಕ್ಟ್ರು:
ಮಗಳಿಗೆ ಶಭಾಷ್ ಹೇಳಿ. ಅದು ಓಟೆಕೊರಕ, ಮೂತಿ ಉದ್ದ ಇರೋ ದುಂಬಿ. ಕಾಯಿ ಗೋಲಿ ಗಾತ್ರದ್ದಿದ್ದಾಗ್ಲೇ ತಾಯಿ ದುಂಬಿ ಸಿಪ್ಪೆ ಮೇಲೆ ಮೊಟ್ಟೆ ಇಟ್ಟು ಸಣ್ಣಗೆ ಗೀರುತ್ತೆ, ಸೊನೆ ಬಂದು ಮೊಟ್ಟೇನ ಮುಚ್ಚಿ ಗಟ್ಟಿಯಾಗುತ್ತೆ. ಮರಿ ಹುಳ ಎಳೇ ತಿರುಳನ್ನ ಕೊರ್ಕೊಂಡು ಇನ್ನೂ ಮೆತ್ತಗಿರೋ ಓಟೆಗೆ ಸೇರುತ್ತೆ, ಕಾಯಿ ದಪ್ಪ ಆಗ್ತಾ ಆಗ್ತಾ ಬಂದ ದಾರಿ ಮುಚ್ಚೇ ಹೋಗುತ್ತೆ. ಹೊರಗೆ ಬರೋದು ಮಾತ್ರ ಓಟೆ ಕೊರೆದೇ. ತಿರುಳಲ್ಲಿ ಬಿಳೀ ಹುಳ ಕಿಲಬಿಲ ಅಂದ್ರೆ ಅದು ಹಣ್ಣುನೊಣದ್ದು, ಅದು ಬಲಿತ ಕಾಯಿಗೆ ಚುಚ್ಚಿ ಮೊಟ್ಟೆ ಇಡುತ್ತೆ, ಅದರ ಚುಕ್ಕೆ ಹೊರಗೆ ಕಾಣುತ್ತೆ. ದುಂಬಿ ಸಿಕ್ಕ ಓಟೇನ ಕಿಟಕಿಯಿಂದಾಚೆ ಎಸೀಬೇಡಿ, ಅದು ಬದುಕಿದ್ರೆ ಮುಂದಿನ ಹೂವಿನ ತನಕ ಮರದ ತೊಗಟೆ ಸಂದೀಲಿ ಕೂತಿರುತ್ತೆ.

ಶ್ರೀನಿವಾಸಪುರದವ:
ಕೂಲಿ ಕೇಳಿದ್ಲು ಅಂದ್ರಲ್ಲ, ರೇಟನ್ನೂ ಕೇಳ್ಬೇಕಿತ್ತು ಅವಳು. ಬಾದಾಮಿ ಪರವಾಗಿಲ್ಲ, ನಮ್ ಕಡೆ ಜಾಸ್ತಿ ಇರೋದು ತೋತಾಪುರಿ, ಅದು ಪಲ್ಪ್ ಫ್ಯಾಕ್ಟ್ರಿಗಳನ್ನೇ ನಂಬ್ಕೊಂಡಿರೋ ಬೆಳೆ. 2025ರ ಜೂನ್‌ನಲ್ಲಿ ಆ ಫ್ಯಾಕ್ಟ್ರಿಗಳಿರೋ ಆಂಧ್ರದ ಚಿತ್ತೂರಿನವರು ನಮ್ ತೋತಾಪುರಿ ಒಳಗೆ ಬಿಡಲ್ಲ ಅಂದ್ಬಿಟ್ರು, ರೇಟು ಬಿದ್ದು ಜನ ಕಾಯಿನ ರಸ್ತೇಗೆ ಸುರಿದ್ರು, ಕೊನೇಗೆ ಕೇಂದ್ರದವರು ಕ್ವಿಂಟಾಲಿಗೆ 1616 ರೂಪಾಯಿ ಲೆಕ್ಕದಲ್ಲಿ ಬೆಂಬಲ ಕೊಡ್ತೀವಿ ಅಂದ್ರು. ಕೆಜಿಗೆ ಎಷ್ಟಾಯ್ತು ಅಂತ ಮಗಳ ಕೈಲಿ ಭಾಗಾಕಾರ ಮಾಡ್ಸಿ, ಆಮೇಲೆ ಅಂಗಡೀಲಿ ಮಾವಿನ ಜ್ಯೂಸ್ ಬಾಟ್ಲಿ ಮೇಲಿನ ರೇಟ್ ಓದೋಕ್ ಹೇಳಿ. ಮುಂದಿನ ಸಲ ಬರೋವಾಗ ಮಂಡಿಗೂ ಕರ್ಕೊಂಡ್ ಹೋಗ್ತೀನಿ, ಹರಾಜು ನೋಡ್ಲಿ.

ನಿವೃತ್ತ ಮೇಷ್ಟ್ರು:
ಮಂಡಿಗೆ ಖಂಡಿತ ಹೋಗಿ ತಾಯಿ. ಆ ಕೂಲಿ ಅಜ್ಜನ ಲೆಕ್ಕಾನೂ ಅದರ ಜೊತೆಗೇ ಇಟ್ಟು ನೋಡ್ಲಿ ಮಗು.

ಇಬ್ಬರಮ್ಮ, ಬೆಂಗಳೂರು:
ಭಾಗಾಕಾರ ಮಾಡಿದ್ಲು, 16 ರೂಪಾಯಿ 16 ಪೈಸೆ. ಆಮೇಲೆ ಜ್ಯೂಸ್ ಬೇಡ ಅಂದ್ಲು, ಎಷ್ಟ್ ದಿನವೋ ಗೊತ್ತಿಲ್ಲ. ಧಾರವಾಡದವರ ಡಬ್ಬಿ ಪ್ರಯೋಗ ನಡೀತಿದೆ, ಬಾಳೆಹಣ್ಣಿನ ಡಬ್ಬಿ ಗೆದ್ದಾಯ್ತು, ಫ್ರಿಜ್ಜಲ್ಲಿಟ್ಟಿದ್ದು ರಬ್ಬರ್ ಥರ ಇದೆ. ಓಟೆ ಎರಡು ಬಾಲ್ಕನಿ ಕುಂಡದಲ್ಲಿ ನೆಟ್ಟಿದಾರೆ. ಅದರಿಂದ ಬಾದಾಮಿನೇ ಬರುತ್ತಾ?

ಗಿಡದ ಡಾಕ್ಟ್ರು:
ಬರೋದು ಮಾವೇ, ಬಾದಾಮಿ ಅಂತ ಹೇಳೋಕಾಗಲ್ಲ. ಬಾದಾಮಿ ಓಟೇಲಿ ಇರೋ ಒಂದೇ ಒಂದು ಸಸಿ ತಂದೆ ತಾಯಿ ಇಬ್ಬರದ್ದೂ ಬೆರಕೆ, ತಂದೆ ಮರ ಯಾವ್ದೋ ಯಾರಿಗ್ಗೊತ್ತು, ನೊಣ ತಂದಿದ್ದು. ಕರಾವಳಿಯ ಕೆಲವು ಜಾತಿಗಳಲ್ಲಿ ಒಂದೇ ಓಟೆಯಿಂದ ನಾಲ್ಕೈದು ಸಸಿ ಏಳುತ್ತೆ, ಅವುಗಳಲ್ಲಿ ಹೆಚ್ಚಿನವು ತಾಯಿ ಮರದ ಥರಾನೇ ಇರ್ತಾವೆ. ಬಾದಾಮಿ ಬೇಕೇ ಬೇಕು ಅಂದ್ರೆ ಕಸಿ ಮಾಡಿಸ್ಬೇಕು. ಓಟೆ ಹೊರಗಿನ ನಾರಿನ ಚಿಪ್ಪು ಬಿಡಿಸಿ ನೆಟ್ರೆ ಬೇಗ ಮೊಳೆಯುತ್ತೆ, ಒಣಗೋಕ್ ಬಿಟ್ರೆ ಕೆಲವೇ ವಾರದಲ್ಲಿ ಸತ್ತೇ ಹೋಗುತ್ತೆ.

ಶ್ರೀನಿವಾಸಪುರದವ:
ಎಳೇ ಎಲೆ ಕೆಂಪಗೆ ಬಂದ ಕೂಡ್ಲೇ ತಗೊಂಡ್ ಬನ್ನಿ, ಮಳೆಗಾಲದಲ್ಲಿ ಕಸಿ ಕಟ್ಟೋರು ನಮ್ಮೂರಲ್ಲೇ ಸಿಗ್ತಾರೆ, ನಿಮ್ಮ ಫ್ರೆಂಡ್ ತೋಟದ ಮರದ್ದೇ ಕಡ್ಡಿ ಕಟ್ಟಿಸ್ಕೊಡ್ತೀನಿ.

ಸುಮ್ನಿರಿ ಸ್ವಾಮಿ:
ಬಾಲ್ಕನೀಲಿ ಮಾವಿನ ಮರ?? ಬಿಲ್ಡಿಂಗ್ ಓನರ್‌ಗೆ ಗೊತ್ತಾ?

ಇಬ್ಬರಮ್ಮ, ಬೆಂಗಳೂರು:
ಓನರ್‌ಗೆ ಎರಡು ಕೆಜಿ ರಸಪುರಿ ಕೊಟ್ಟಿದೀವಿ, ಸದ್ಯಕ್ಕೆ ಸುಮ್ನಿದಾರೆ.